ಮೇಲೇಳದ ಬೆರಳು

2020ರ ಆಗಸ್ಟ್ 4, ಸಂಜೆ ಆರು ದಾಟಿತ್ತು. ಬೈರೂತ್ ನದಿಯಾಚೆಯ ಬುರ್ಜ್ ಹಮ್ಮೂದ್‌ನಲ್ಲಿ ನಮ್ಮ ಮನೆ. ನೆಲ ನಡುಗಿತು. ಪಿಯಾನೊ ಬಿಟ್ಟೆದ್ದು ನೋಡುವಷ್ಟರಲ್ಲಿ ಕಿಟಕಿಯೇ ಒಡೆದು ಒಳಗೆ ಬಿತ್ತು. ಮುಖಕ್ಕೆ ಅಡ್ಡ ಹಿಡಿದ ಬಲ ಮುಂಗೈಯನ್ನು ಗಾಜು ಸೀಳಿತ್ತು.

ಬಂದರಿನ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದದ್ದೆಂದು ತಿಳಿದದ್ದು ರಾತ್ರಿ, ಆಸ್ಪತ್ರೆಯ ಮೆಟ್ಟಿಲ ಮೇಲೆ. ಅಲ್ಲೂ ಗಾಜು ಉದುರಿತ್ತು, ಕರೆಂಟ್ ಇರಲಿಲ್ಲ. ವೈದ್ಯೆಯೊಬ್ಬರು ಮೊಬೈಲ್ ಬೆಳಕಿನಲ್ಲಿ ಹೊಲಿಗೆ ಹಾಕಿದರು. ‘ಉಂಗುರದ ಬೆರಳು ಎತ್ತಿ’ ಎಂದರು. ಏಳಲಿಲ್ಲ. ಕಿರುಬೆರಳೂ ಏಳಲಿಲ್ಲ. ಬೆರಳೆತ್ತುವ ಸ್ನಾಯುರಜ್ಜು ತುಂಡಾಗಿತ್ತು. ದೇಶದ ಆರ್ಥಿಕ ಕುಸಿತದಿಂದಾಗಿ ಬ್ಯಾಂಕಿನಲ್ಲಿದ್ದ ನಮ್ಮ ದುಡ್ಡು ಹಿಂದಿನ ವರ್ಷದಿಂದಲೇ ಕೈಗೆ ಸಿಗುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಗೆ ವಿದೇಶದಿಂದ ಅಕ್ಕ ಹಣ ಕಳಿಸಿದಳು.

ನನ್ನ ಅಜ್ಜಿ 1915ರ ಆರ್ಮೇನಿಯನ್ನರ ನರಮೇಧದಲ್ಲಿ ಅನಾಥಳಾಗಿ ಈಗಿನ ಟರ್ಕಿಯ ಮರಾಶ್‌ನಿಂದ ಬಂದವಳು. ಅವಳ ಹಾಡುಗಳೂ ಅರಬ್ಬರ ರಾಗಗಳಾದ ಮಕಾಮ್‌ಗಳೂ ನನ್ನ ಪಿಯಾನೊ ರಚನೆಗಳಲ್ಲಿ ಒಟ್ಟಿಗಿವೆ. ಬಯಾತಿ ಮಕಾಮ್‌ಗೆ ಬೇಕಾದದ್ದು ‘ಮಿ’ಗೂ ಅದರ ಕೋಮಲಕ್ಕೂ ನಡುವಿನ ಸ್ವರ, ಪಿಯಾನೊದಲ್ಲಿ ಅದಕ್ಕೆ ಮನೆಯೇ ಇಲ್ಲ. ಅದಕ್ಕಾಗಿ ಕೀಲಿ ಹಿಡಿದು ‘ಮಿ’ಯ ಮೂರೂ ತಂತಿಗಳ ಶ್ರುತಿ ಇಳಿಸಿಕೊಳ್ಳುತ್ತಿದ್ದೆ. ಔದ್ ವಾದ್ಯದ ಮೀಟು ಬರಲೆಂದು ಒಂದೇ ಮನೆಯ ಮೇಲೆ ಬೆರಳು ಬದಲಿಸುತ್ತಾ ಬಿರುಸಾಗಿ ಬಡಿಯುತ್ತಿದ್ದೆ. ನನ್ನ ವಾದನದ ಜೀವವೇ ಅದಾಗಿತ್ತು.

ಕೈಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ಮೇಲೆ ನುಡಿಸಲು ಕೂತೆ. ಕಿರುಬೆರಳು ಮನೆಯನ್ನು ಒತ್ತಿತು, ಎತ್ತಲಾಗಲಿಲ್ಲ. ಮನೆ ಮೇಲೇಳದ ಹೊರತು ತಂತಿಯ ನಾದ ನಿಲ್ಲುವುದಿಲ್ಲ. ಆ ಸ್ವರ ಮುಂದಿನ ಸ್ವರದೊಳಗೆ ಹರಿದು ಎಲ್ಲವನ್ನೂ ಕಲಸಿತು. ಎಡಗೈಯಿಂದ ಬೆರಳನ್ನು ಎತ್ತಿಟ್ಟೆ, ಮತ್ತೆ ಒತ್ತಿದೆ. ಎಷ್ಟೋ ತಿಂಗಳು ಇಷ್ಟೇ ನನ್ನ ಸಾಧನೆ. ನೋವಿಗಿಂತ ಹೆದರಿಕೆ ಹೆಚ್ಚಿತ್ತು. ರಾತ್ರಿ ಹೊದಿಕೆಯ ಕೆಳಗೆ ಬೆರಳು ಎತ್ತಿ ನೋಡುತ್ತಿದ್ದೆ.

ಆರ್ಮೇನಿಯದ ದುದುಕ್ ವಾದನದಲ್ಲಿ ಒಬ್ಬ ರಾಗ ನುಡಿಸಿದರೆ ಇನ್ನೊಬ್ಬ ಒಂದೇ ಸ್ವರ ಹಿಡಿದಿರುತ್ತಾನೆ. ಅದು ‘ದಮ್’. ನಾನದನ್ನು ಯಾವಾಗಲೂ ಎಡಗೈಗೆ ಕೊಡುತ್ತಿದ್ದೆ. ಕೊನೆಗೆ ದಮ್ ಅನ್ನು ಬಲಗೈಯ ಕಿರುಬೆರಳಿಗೆ ಬಿಟ್ಟು, ರಾಗವನ್ನು ಎಡಗೈಗೆ ದಾಟಿಸಿ ಹಳೆಯ ರಚನೆಗಳನ್ನು ಮೊದಲಿನಿಂದ ಬರೆದೆ. ಎಡಗೈಗೆ ಔದ್‌ನ ಮೀಟು ಕಲಿಸುವುದು ಮಗುವಿಗೆ ಅಕ್ಷರ ತಿದ್ದಿಸಿದ ಹಾಗಿತ್ತು. ಅಜ್ಜಿಯ ಹಾಡುಗಳು ಬೇಗ ಬಂದವು. ಅವು ನಾಲ್ಕೈದು ಸ್ವರಗಳಲ್ಲೇ ಮುಗಿಯುತ್ತವೆ. ಬಯಾತಿ ಬಹಳ ಕಾಡಿತು, ಈಗಲೂ ಕಾಡುತ್ತದೆ.

ಕಿರುಬೆರಳು ಈಗ ಏಳುತ್ತದೆ, ತಡವಾಗಿ. ಆದರೆ ಅಂದಿನ ಸ್ಫೋಟದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು. ವರ್ಷಗಳು ಕಳೆದರೂ ಯಾರಿಗೂ ಶಿಕ್ಷೆಯಾಗಿಲ್ಲ, ಆಗಲೇಬೇಕು. ನ್ಯಾಯಕ್ಕಾಗಿ ಪ್ರತಿ ತಿಂಗಳ 4ನೇ ತಾರೀಕು ಬಂದರಿನೆದುರು ಸೇರುವ ಸತ್ತವರ ಕುಟುಂಬಗಳ ಜೊತೆ ನಾನೂ ನಿಲ್ಲುತ್ತೇನೆ.