'ಹೋಗಿ ಬರ್ತೇನೆ' ಎನ್ನುವ ಮೊದಲು

ನಮ್ಮ ಕಡೆ ಮನೆಯಿಂದ ಹೊರಡುವವರು 'ಹೋಗುತ್ತೇನೆ' ಎನ್ನಬಾರದು. 'ಹೋಗಿ ಬರ್ತೇನೆ' ಎನ್ನಬೇಕು. ತುಳುವಿನಲ್ಲಿ ಅದು 'ಪೋದು ಬರ್ಪೆ'. ನಮ್ಮ ಮನೆಯ ಕೊಂಕಣಿಯಲ್ಲಂತೂ ಹೋಗುವ ಮಾತೇ ಇಲ್ಲ. 'ಯೆತಾಂ' ಎನ್ನುತ್ತೇವೆ. 'ಬರುತ್ತೇನೆ' ಎಂದಷ್ಟೇ ಹೇಳಿ ಮೆಟ್ಟಿಲಿಳಿಯುತ್ತೇವೆ. ಈ ಮಾತಿನಲ್ಲಿ ಎಷ್ಟು ಅಕ್ಕರೆಯಿದೆಯೋ ಅಷ್ಟೇ ಅಂಜಿಕೆಯೂ ಇದೆ. ಅಗಲಿಕೆಯ ಹೆಸರೆತ್ತದಿದ್ದರೆ ಅದು ನಮ್ಮ ಮನೆಯ ಬಾಗಿಲಿಗೆ ಬರಲಾರದು ಎಂಬ ನಂಬಿಕೆ ನಮ್ಮದು. ಆದರೆ ಅದು ಬಂದೇ ಬರುತ್ತದೆ.

ನಾನೊಬ್ಬಳು ಕ್ರೈಸ್ತ ಧರ್ಮಭಗಿನಿ, ಮಂಗಳೂರಿನ ಕಡೆಯವಳು. 1984ರಲ್ಲಿ ಟಾಂಜಾನಿಯಾದ ನಡುಭಾಗದಲ್ಲಿರುವ ಡೊಡೊಮಾ ಪ್ರಾಂತ್ಯಕ್ಕೆ ಶಾಲೆ ಕಲಿಸಲು ಹೋದೆ. 2011ರಲ್ಲಿ ಹಿಂತಿರುಗಿದೆ. ಆ ಇಪ್ಪತ್ತೇಳು ವರ್ಷಗಳಲ್ಲಿ ಅಲ್ಲಿಯೇ ಮೂರು ಊರು ಬದಲಾಯಿಸಬೇಕಾಯಿತು. ಊರಿಗೆ ರಜೆಯ ಮೇಲೆ ಬಂದು ಮತ್ತೆ ಹೊರಟದ್ದು ಐದು ಸಲ. ಮಿಷನರಿ ಎಂದೊಡನೆ ಜನ ಸಿಂಹ, ಮಲೇರಿಯಾ, ಕಾಡುದಾರಿಗಳ ಬಗ್ಗೆ ಕೇಳುತ್ತಾರೆ. ಇಷ್ಟೊಂದು ಸಲ ಬಿಟ್ಟು ಹೊರಡುವುದನ್ನು ಹೇಗೆ ಸಹಿಸಿದಿರಿ ಎಂದು ಬಹಳ ಕಾಲ ಯಾರೂ ಕೇಳಿರಲಿಲ್ಲ. ಈಗ ಕೇಳುತ್ತಾರೆ. ನಾನಿರುವ ವಿದ್ಯಾರ್ಥಿನಿಲಯಕ್ಕೆ ಪ್ರತಿ ಜೂನಿನಲ್ಲಿ ಮಗಳನ್ನು ಬಿಡಲು ಬರುವ ತಂದೆತಾಯಂದಿರು, ಟ್ರಂಕು ಹಾಸಿಗೆ ಒಳಗಿಟ್ಟ ಮೇಲೂ ಗೇಟಿನ ಬಳಿ ನಿಂತೇ ಇರುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೊದಲ ಸಲ ಹೊರಟ ದಿನ ಅಮ್ಮ ಅಂಗಳಕ್ಕೆ ಬರಲೇ ಇಲ್ಲ. ಅಡುಗೆಮನೆಯಲ್ಲಿ ಸುಮ್ಮನೆ ಪಾತ್ರೆಗಳನ್ನು ಎತ್ತಿಡುತ್ತಿದ್ದಳು. ಅತ್ತರೆ ಮಗಳ ಮನಸ್ಸು ಕುಗ್ಗೀತು ಎಂದು ಅವಳ ಲೆಕ್ಕ. ಡೊಡೊಮಾದಲ್ಲಿ ಎಷ್ಟೋ ರಾತ್ರಿ ನನಗೆ ನೆನಪಾದದ್ದು ಆ ಪಾತ್ರೆಗಳ ಸದ್ದು. ಅಮ್ಮನ ಮುಖ ನೆನಪಾಗುತ್ತಿರಲಿಲ್ಲ. ಕಣ್ಣೀರನ್ನು ತಪ್ಪಿಸಿದರೂ ಅದು ಪೆಟ್ಟಿಗೆಯೊಳಗೆ ಸೇರಿಕೊಂಡು ಸಮುದ್ರ ದಾಟಿ ಬಂದುಬಿಡುತ್ತದೆ.

ಇದು ನನ್ನೊಬ್ಬಳ ಕಥೆಯಲ್ಲ. ನಮ್ಮ ಕರಾವಳಿಗೆ ಹೊರಗಿನಿಂದ ಬಂದ ಮಿಷನರಿಗಳ ಬದುಕನ್ನೇ ನೋಡಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮುದ್ರಣಾಲಯ, ಹೆಂಚಿನ ಕಾರ್ಖಾನೆ, ಶಾಲೆ, 1843ರ 'ಮಂಗಳೂರ ಸಮಾಚಾರ' ಪತ್ರಿಕೆ, ಇವೆಲ್ಲ ನಮಗೆ ಪಾಠಪುಸ್ತಕದಿಂದ ಗೊತ್ತು. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಕೊಟ್ಟ ಕಿಟೆಲ್ಲರೂ ಗೊತ್ತು. ಆ ನಿಘಂಟಿನ ಕೆಲಸಕ್ಕಾಗಿ ಅವರು ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲಿ ಬಿಟ್ಟು ಮತ್ತೆ ಇಲ್ಲಿಗೆ ಬಂದಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಪುಸ್ತಕದ ರಕ್ಷಾಪುಟದ ಮೇಲೆ ಇಂಥ ಸಂಗತಿಗಳು ಅಚ್ಚಾಗುವುದಿಲ್ಲ.

ಮಕ್ಕಳ ಪಾಡು ಇನ್ನೂ ಕಷ್ಟದ್ದು. ಇಲ್ಲಿನ ಹವೆ, ಕಾಯಿಲೆ ಮತ್ತು ಓದಿನ ಕಾರಣಕ್ಕೆ ಮಿಷನರಿಗಳ ಮಕ್ಕಳನ್ನು ಆರೇಳು ವರ್ಷದೊಳಗೆ ಯುರೋಪಿಗೆ ಕಳಿಸುವ ಪದ್ಧತಿಯಿತ್ತು. ಅವರಿಗಾಗಿ ಬಾಸೆಲ್ ನಗರದಲ್ಲಿ 1850ರ ದಶಕದಲ್ಲಿ ಒಂದು ಮಕ್ಕಳ ಮನೆಯೇ ತೆರೆಯಿತು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಹಡಗಿನ ಹಾದಿ ತಿಂಗಳುಗಟ್ಟಲೆ. ಮಲಯಾಳಂ ನಿಘಂಟು ರಚಿಸಿದ ಹರ್ಮನ್ ಗುಂಡರ್ಟರ ಮಗಳು ಮರಿ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ಐದು ವರ್ಷ ತುಂಬುವ ಮೊದಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಅವಳ ತಂದೆತಾಯಿ ಭಾರತಕ್ಕೆ ಮರಳಿದರು. ಅವಳು ಅವರ ಬಳಿಗೆ ಹೊರಟು ಬಂದದ್ದು 1857ರಲ್ಲಿ, ಹದಿಹರೆಯದ ಹುಡುಗಿಯಾಗಿ. ನಡುವಿನ ಹತ್ತು ವರ್ಷ ಅವರನ್ನು ಹಿಡಿದಿಟ್ಟದ್ದು ಪತ್ರಗಳು. ಮುಂದೆ ಅವಳ ಮಗ ದೊಡ್ಡ ಲೇಖಕನಾದ. 'ಸಿದ್ಧಾರ್ಥ' ಕಾದಂಬರಿಯ ಹರ್ಮನ್ ಹೆಸ್ಸೆ, 1946ರಲ್ಲಿ ನೊಬೆಲ್ ಪಡೆದವರು.

ಆ ತಂದೆತಾಯಂದಿರು ಕಲ್ಲೆದೆಯವರೇ? ನನಗೆ ಹಾಗನ್ನಿಸುವುದಿಲ್ಲ. ದೇವರ ಕೆಲಸಕ್ಕೆ ಕರೆ ಬಂದಿದೆ ಎಂದು ನಂಬಿದವರು ದುಃಖವನ್ನು ಬಾಯಿಬಿಟ್ಟು ಹೇಳಿದರೆ ನಂಬಿಕೆಯೇ ಕಡಿಮೆ ಎಂದಾದೀತು ಎಂದು ಅಂಜುತ್ತಾರೆ. ನಮ್ಮಲ್ಲೂ ಅದು ಇತ್ತು. ನಿಮ್ಮ ಮನೆಗಳಲ್ಲೂ ಇದೆ, ಹೆಸರು ಬೇರೆ ಅಷ್ಟೆ. 'ಒಳ್ಳೆಯ ಕಾಲೇಜು ಸಿಕ್ಕಿದೆ, ಅಳುವುದೇಕೆ?' ಎನ್ನುತ್ತೀರಿ. ಒಳ್ಳೆಯದಕ್ಕೇ ಹೋಗುತ್ತಿರುವುದು ನಿಜ. ಬಿಟ್ಟುಹೋಗುವುದರ ನೋವೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲಾಗುವುದಿಲ್ಲ.

1950ರ ದಶಕದಲ್ಲಿ ರೂತ್ ಯೂಸೀಮ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ ತಮ್ಮ ಪತಿಯೊಂದಿಗೆ ಭಾರತದಲ್ಲಿ ನೆಲೆಸಿದ್ದ ಅಮೆರಿಕನ್ನರ ಅಧ್ಯಯನ ನಡೆಸಿದರು. ಅವರಲ್ಲಿ ಮಿಷನರಿ ಕುಟುಂಬಗಳೂ ಇದ್ದವು. ಅಪ್ಪ ಅಮ್ಮನ ದೇಶವೂ ಪೂರ್ತಿ ತಮ್ಮದಲ್ಲ, ಬೆಳೆದ ದೇಶವೂ ಪೂರ್ತಿ ತಮ್ಮದಲ್ಲ ಎಂಬಂತೆ ಬೆಳೆಯುವ ಮಕ್ಕಳನ್ನು ಆಕೆ 'ಮೂರನೆಯ ಸಂಸ್ಕೃತಿಯ ಮಕ್ಕಳು' ಎಂದು ಕರೆದರು. ಮುಂದೆ ಡೇವಿಡ್ ಪೊಲಾಕ್ ಎಂಬುವರು ಇಂಥ ಮಕ್ಕಳ ನಡುವೆ ಬಹುಕಾಲ ಕೆಲಸ ಮಾಡಿದರು. ನೈಜೀರಿಯಾದಲ್ಲಿ ಮಿಷನರಿಗಳ ಮಗಳಾಗಿ ಬೆಳೆದ ರೂತ್ ವ್ಯಾನ್ ರೆಕನ್ ಜೊತೆಗೂಡಿ 1999ರಲ್ಲಿ ಒಂದು ಪುಸ್ತಕವನ್ನೂ ತಂದರು. ಮುಗಿಸದೆ ಬಿಟ್ಟ ವಿದಾಯಗಳು ಒಂದರ ಮೇಲೊಂದು ಪೇರಿಕೊಂಡು ಮುಂದೆಂದೋ ಭಾರವಾಗುತ್ತವೆ ಎಂಬುದನ್ನು ಅವರು ಹತ್ತಿರದಿಂದ ಕಂಡಿದ್ದರು. ಹೊರಡುವವರಿಗೆ ಪೊಲಾಕ್ ಹೇಳಿಕೊಟ್ಟ ಉಪಾಯದ ಹೆಸರು 'ರಾಫ್ಟ್'. ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ ಆದ ಹೆಸರು. ಕನ್ನಡದಲ್ಲಿ ತೆಪ್ಪ ಎನ್ನೋಣ. ನಾಲ್ಕು ಮರದ ತುಂಡು ಕಟ್ಟಿದ ತೆಪ್ಪ.

ಆ ಪುಸ್ತಕ ಕೈಗೆ ಬಂದಾಗ ಓದುತ್ತಾ ನಕ್ಕುಬಿಟ್ಟೆ. ಮೂರನೆಯ ಕ್ಲಾಸಿಗೆ ಓದು ಬಿಟ್ಟಿದ್ದ ಅಮ್ಮ ಈ ತೆಪ್ಪವನ್ನು 1990ರಲ್ಲೇ ಕಟ್ಟಿಬಿಟ್ಟಿದ್ದಳು. ಆ ವರ್ಷ ನಾನು ಎರಡು ತಿಂಗಳ ರಜೆಯಲ್ಲಿ ಊರಿಗೆ ಬಂದಿದ್ದೆ.

ಮೊದಲ ತುಂಡು, ರಾಜಿ. ನಾನು ಆಫ್ರಿಕಾಕ್ಕೆ ಹೋದದ್ದು ಅಣ್ಣನಿಗೆ ಇಷ್ಟವಿರಲಿಲ್ಲ. ಆರು ವರ್ಷ ಅವನು ನನಗೊಂದು ಸಾಲು ಬರೆದಿರಲಿಲ್ಲ. ಅಮ್ಮ ಒಂದು ಸಂಜೆ ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ, "ಇವಳು ಸಮುದ್ರ ದಾಟುವವಳು. ಕಲ್ಲು ಕಟ್ಟಿಕೊಂಡು ದಾಟುವುದು ಬೇಡ. ಇರುವುದನ್ನು ಇಲ್ಲೇ ಇಳಿಸಿ" ಎಂದು ಒಳಗೆ ಹೋದಳು. ಅಣ್ಣ ಬೈದ, ಆಮೇಲೆ ಅತ್ತ. ಮರುದಿನ ನನ್ನ ಹಳೆಯ ಪೆಟ್ಟಿಗೆಯ ಕೀಲು ರಿಪೇರಿ ಮಾಡಿಸಿಕೊಂಡು ಬಂದ.

ಎರಡನೆಯದು, ಉಪಕಾರ ಸ್ಮರಣೆ. ಅಕ್ಷರ ಕಲಿಸಿದ ಟೀಚರು, ನನ್ನನ್ನು ಎತ್ತಿ ಆಡಿಸಿದ ನೆರೆಮನೆಯ ದೊಡ್ಡಮ್ಮ, ಕಾಲೇಜಿಗೆ ಹೋಗುವಾಗ ನನಗಾಗಿ ಎರಡು ನಿಮಿಷ ಬಸ್ಸು ನಿಲ್ಲಿಸುತ್ತಿದ್ದ ಡ್ರೈವರು, ಎಲ್ಲರ ಮನೆಗೂ ಕರೆದುಕೊಂಡು ಹೋದಳು. 'ಉಪಕಾರವಾಯಿತು' ಎಂದು ಬಾಯಿಬಿಟ್ಟು ಹೇಳಿಸಿದಳು. ನಮ್ಮಲ್ಲಿ ಕೃತಜ್ಞತೆ ಮನಸ್ಸಿನಲ್ಲೇ ಉಳಿಯುವುದು ಹೆಚ್ಚು.

ಮೂರನೆಯದು, ವಿದಾಯ. ಜನರಿಗೆ ಮಾತ್ರವಲ್ಲ, ಜಾಗಗಳಿಗೂ. ಬಾವಿಕಟ್ಟೆ, ಹಲಸಿನ ಮರ, ಇಗರ್ಜಿಯ ಹಿಂದಿನ ಅಪ್ಪನ ಸಮಾಧಿ, ಎಲ್ಲ ಕಡೆ ಹೋಗಿಬಂದೆವು. ಟಾಂಜಾನಿಯಾದಲ್ಲಿ ಇದಕ್ಕೊಂದು ಸೊಗಸಾದ ರೂಢಿಯಿದೆ. ಅತಿಥಿ ಹೊರಟರೆ ಬಾಗಿಲಲ್ಲೇ ನಿಂತು ಕೈಬೀಸುವುದಿಲ್ಲ, ಹಾದಿಯ ಒಂದಷ್ಟು ದೂರ ಜೊತೆಗೇ ನಡೆಯುತ್ತಾರೆ. ಸ್ವಾಹಿಲಿಯಲ್ಲಿ 'ಕುಸಿಂಡಿಕಿಜಾ' ಎನ್ನುತ್ತಾರೆ. ನನಗೆ ಮೊದಲ ಸಲ ವರ್ಗವಾದಾಗ ನನ್ನ ಶಾಲೆಯ ಮಕ್ಕಳು ಬಸ್ಸು ಸಿಗುವ ರಸ್ತೆಯವರೆಗೂ ನಡೆದು ಬಂದಿದ್ದರು. 'ಕ್ವಾಹೆರಿ' ಎಂದರೆ ಅಲ್ಲಿ ವಿದಾಯ. ಬರೀ ಅಷ್ಟೇ ಅಂದರೆ ಬಿರುಸಾಯಿತೆಂದೋ ಏನೋ, 'ಕ್ವಾಹೆರಿ ಯಾ ಕುವೊನಾನಾ' ಎಂದೂ ಹೇಳುತ್ತಾರೆ. ಮತ್ತೆ ಕಾಣುವ ವಿದಾಯ! ನಮ್ಮ 'ಹೋಗಿ ಬರ್ತೇನೆ'ಯ ಸೋದರಿ.

ನಾಲ್ಕನೆಯ ತುಂಡು, ಹೋಗುವ ಊರಿನ ಯೋಚನೆ. ಹೊರಡುವ ಹಿಂದಿನ ರಾತ್ರಿ ಅಮ್ಮ ಕೇಳಿದಳು: "ಅಲ್ಲಿ ನಿನ್ನ ಕೋಣೆಯ ಕಿಟಕಿ ಯಾವ ಕಡೆಗಿದೆ? ನೀರು ಎಲ್ಲಿಂದ ತರುತ್ತಾರೆ? ಬೆಳಿಗ್ಗೆ ಏನು ತಿನ್ನುತ್ತೀ?" ನಮ್ಮ ರಾಗಿಮುದ್ದೆಯ ಹಾಗೆ ಬಿಳಿ ಜೋಳದ ಹಿಟ್ಟಿನ ಉಗಾಲಿ ತಿನ್ನುವುದನ್ನು ಹೇಳಿದೆ. ಮೊದಲ ವರ್ಷ ಸಾಬೂನು ಸಕ್ಕರೆಗೂ ತತ್ವಾರವಿದ್ದದ್ದನ್ನು ಹೇಳಿದೆ. ನಮ್ಮ ಸವಣೂರಿನಲ್ಲಿ ಜನ ನೋಡಲು ಹೋಗುವ ದೊಡ್ಡಹುಣಸೆ ಮರಗಳ ಜಾತಿಯ ಮರ ಅಲ್ಲಿ ಊರೂರಿಗೂ ಇದೆ ಎಂದೆ. "ಸಾಕು. ಇನ್ನು ನೆನೆದಾಗ ನೀನಿರುವ ಜಾಗ ಕಣ್ಣಿಗೆ ಕಾಣುತ್ತದೆ" ಎಂದಳು. ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಉಳಿಯಲಿಲ್ಲ. ಅಂಗಳ ದಾಟಿ, ಗದ್ದೆಯ ಹುಣಿ ದಾಟಿ, ಬಸ್ಸಿನವರೆಗೂ ಬಂದಳು. ಅತ್ತಳು, ನಾನೂ ಅತ್ತೆ.

1993ರಲ್ಲಿ ಅಮ್ಮ ತೀರಿಕೊಂಡಳು. ಸುದ್ದಿ ನನ್ನ ಹಳ್ಳಿಗೆ ಮುಟ್ಟಿದ್ದು ನಾಲ್ಕನೆಯ ದಿನ. ಮಣ್ಣು ಮುಗಿದಿತ್ತು. ಹಳ್ಳಿಯ ಹೆಂಗಸರು ಬಂದು ಚಾಪೆ ಹಾಸಿ ಕುಳಿತರು. 'ಪೋಲೆ' ಎಂದರು. ಎಡವಿ ಬಿದ್ದವರಿಗೂ ಸತ್ತವರ ಮನೆಯವರಿಗೂ ಅವರು ಹೇಳುವುದು ಅದೊಂದೇ ಮಾತು. ಹಿಟ್ಟು ತಂದರು, ನೀರು ಹೊತ್ತರು, ಎರಡು ರಾತ್ರಿ ನನ್ನೊಂದಿಗೇ ಉಳಿದರು. ದುಃಖ ಕಡಿಮೆಯಿರಲಿಲ್ಲ. ಆದರೆ 'ಅಯ್ಯೋ, ಆ ಮಾತು ಹೇಳದೆ ಉಳಿಯಿತಲ್ಲ' ಎಂಬ ಮುಳ್ಳು ಅದರಲ್ಲಿರಲಿಲ್ಲ. ನಾವಿಬ್ಬರೂ ಹೇಳಬೇಕಾದದ್ದನ್ನು ಹೇಳಿ ಮುಗಿಸಿದ್ದೆವು. ದೂರದ ಊರಿನಲ್ಲಿ ನನ್ನನ್ನು ಎತ್ತಿ ನಿಲ್ಲಿಸಿದ್ದು ಪ್ರಾರ್ಥನೆ. ಅದರ ಜೊತೆಗೆ ಆ ತೆಪ್ಪ.

ಹಿಂತಿರುಗುವುದು ಸುಲಭವೆಂದು ತಿಳಿಯಬೇಡಿ. 2011ರಲ್ಲಿ ಬಂದಾಗ ಹೆಂಚಿನ ಮನೆ ಹೋಗಿ ತಾರಸಿ ಬಂದಿತ್ತು, ಗದ್ದೆ ಅಡಕೆ ತೋಟವಾಗಿತ್ತು. ಅಣ್ಣನ ಮಕ್ಕಳಿಗೆ ನಾನು ರಜೆಯಲ್ಲಿ ಕಂಡ 'ಸಿಸ್ಟರಾಂಟಿ'. ಹಿರಿಯರನ್ನು ಕಂಡರೆ ಬಾಯಲ್ಲಿ 'ಶಿಕಾಮೂ' ಎಂದು ಸ್ವಾಹಿಲಿಯ ನಮಸ್ಕಾರವೇ ಬರುತ್ತಿತ್ತು. ಹುಟ್ಟಿದೂರಿನಲ್ಲೇ ನೆಂಟಳಾಗಿದ್ದೆ. ಸ್ವಾಹಿಲಿಯಲ್ಲಿ ಒಂದು ಗಾದೆಯಿದೆ. ನೆಂಟ ಎರಡು ದಿನ, ಮೂರನೆಯ ದಿನ ಕೈಗೆ ಗುದ್ದಲಿ ಕೊಡು ಎಂದು. ನಾನೇ ಗುದ್ದಲಿ ಕೇಳಿ ಪಡೆದೆ. ಹಾಸ್ಟೆಲಿನ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡಲು ನಿಂತೆ. ಆರು ತಿಂಗಳಲ್ಲಿ ಊರು ಮತ್ತೆ ನನ್ನದಾಯಿತು. ಹೊಸ ಜಾಗ ನಮ್ಮದಾಗುವುದು ಅಲ್ಲಿ ನಮ್ಮಿಂದ ಯಾರಿಗಾದರೂ ಒಂದು ಉಪಯೋಗವಾದಾಗ. ಹಾಸ್ಟೆಲಿಗೆ ಬಂದು ಮಂಕಾದ ಹುಡುಗಿಗೆ ನಾನು ಮೊದಲು ಕೊಡುವುದು ಬುದ್ಧಿವಾದವಲ್ಲ, ಗ್ರಂಥಾಲಯದ ಬೀಗದ ಕೈ.

ಗುಂಡರ್ಟರ ಕಾಲದಲ್ಲಿ ಪತ್ರಕ್ಕೆ ತಿಂಗಳುಗಳು. ನನ್ನ ನೀಲಿ ಏರೋಗ್ರಾಮಿಗೆ ಮೂರು ವಾರ. ಇಂದು ವೀಡಿಯೋ ಕಾಲಿಗೆ ಒಂದು ಕ್ಷಣ. ಒಳ್ಳೆಯದೇ. ಆದರೆ ದಿನಕ್ಕೆ ಐದು ಸಲ ಊಟವಾಯಿತೇ, ನಿದ್ದೆ ಬಂತೇ ಎಂದು ಕೇಳುತ್ತಿದ್ದರೆ ಮಗು ಹಳೆಯ ಮನೆಯನ್ನು ಬಿಟ್ಟಿರುವುದೂ ಇಲ್ಲ, ಹೊಸ ಊರನ್ನು ಸೇರುವುದೂ ಇಲ್ಲ. ಎರಡು ದಿನಕ್ಕೊಮ್ಮೆ ಮಾತಾಡಿ, ತೃಪ್ತಿಯಾಗುವಷ್ಟು ಮಾತಾಡಿ. ಆಗಾಗ ಒಂದು ಪತ್ರ ಬರೆಯಿರಿ. ಮತ್ತೆ ಮತ್ತೆ ತೆಗೆದು ಓದಲು ಕೈಯಲ್ಲಿ ಏನಾದರೂ ಇರಲಿ.

ಈ ಸಲ ಟ್ರಂಕು ತುಂಬುವಾಗ ಬಟ್ಟೆ, ಉಪ್ಪಿನಕಾಯಿಗಳ ಜೊತೆ ಒಂದು ಸಂಜೆಯನ್ನೂ ಬಿಡುವು ಮಾಡಿಕೊಳ್ಳಿ. ತಮ್ಮನೊಂದಿಗೆ ಮುನಿಸಿದ್ದರೆ ಮುಗಿಸಿ. ಅಜ್ಜಿಗೆ ಉಪಕಾರ ಹೇಳಿ. ಬಾವಿಕಟ್ಟೆಯನ್ನೊಮ್ಮೆ ನೋಡಿ ಬನ್ನಿ. ಹೋಗುವ ಊರಿನ ಬಗ್ಗೆ ಅಪ್ಪ ಅಮ್ಮನಿಗೆ ವಿವರವಾಗಿ ಹೇಳಿ. ಅಪ್ಪ ಅಮ್ಮಂದಿರೇ, ಅಳು ಬಂದರೆ ಅಡುಗೆಮನೆಗೆ ಹೋಗಬೇಡಿ. ಇಷ್ಟೆಲ್ಲ ಆದ ಮೇಲೆ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೇಳಿ, 'ಹೋಗಿ ಬರ್ತೇನೆ' ಎಂದು. ಆಗ ಆ ಮಾತಿಗೆ ತೂಕ ಬರುತ್ತದೆ.