ಕಂಪೈಲರ್ ಎಷ್ಟು ದೂರ ನೋಡುತ್ತದೆ?

ನೀವೀಗ ಓಕ್ಯಾಮಲ್ ಕಂಪೈಲರ್‌ನ ಒಳಗಿದ್ದೀರಿ. ಒಂದು ಸಾಲು ಬಂದು ಬೀಳುತ್ತದೆ: ಟ್ವೈಸ್ ಎಂಬ ಫಂಕ್ಷನ್. ಎಕ್ಸ್ ಮೇಲೆ ಎಫ್ ಅನ್ನು ಓಡಿಸಿ, ಬಂದ ಉತ್ತರದ ಮೇಲೆ ಮತ್ತೆ ಎಫ್ ಅನ್ನೇ ಓಡಿಸುವುದು ಅದರ ಕೆಲಸ. ಎಕ್ಸ್ ಸಂಖ್ಯೆಯೋ ಸ್ಟ್ರಿಂಗೋ, ಬರೆದವರು ಬಾಯಿ ಬಿಟ್ಟಿಲ್ಲ. ಕಂಪೈಲರ್ ಕೇಳುವುದೂ ಇಲ್ಲ. ಎಕ್ಸ್‌ಗೆ ಸದ್ಯಕ್ಕೆ ಆಲ್ಫಾ ಎಂಬ ಚೀಟಿ ಅಂಟಿಸುತ್ತದೆ. ಎಫ್ ಆಲ್ಫಾವನ್ನು ನುಂಗಿ ಏನೋ ಒಂದನ್ನು ಕೊಡುತ್ತದಲ್ಲ, ಅದು ಬೀಟಾ ಆಗಲಿ. ಆದರೆ ಆ ಬೀಟಾ ಮತ್ತೆ ಎಫ್‌ನ ಬಾಯಿಗೇ ಹೋಗುತ್ತಿದೆ, ನೋಡಿ! ಹಾಗಾದರೆ ಬೀಟಾವೂ ಆಲ್ಫಾವೇ. ಎರಡು ಚೀಟಿ ಒಂದಾದವು. ಆಲ್ಫಾದಿಂದ ಆಲ್ಫಾಗೆ ಹೋಗುವ ಫಂಕ್ಷನ್ ಒಂದನ್ನೂ ಒಂದು ಆಲ್ಫಾವನ್ನೂ ಕೊಟ್ಟರೆ ಆಲ್ಫಾ ಸಿಗುತ್ತದೆ ಎಂದು ಉತ್ತರ ಹೊರಬೀಳುತ್ತದೆ. ಇದಕ್ಕಿಂತ ವ್ಯಾಪಕವಾದ ಟೈಪ್ ಈ ಪದ್ಧತಿಯಲ್ಲಿ ಸಾಧ್ಯವೇ ಇಲ್ಲ. ರೋಜರ್ ಹಿಂಡ್ಲಿ 1969ರಲ್ಲಿ ತರ್ಕಶಾಸ್ತ್ರದ ಕಡೆಯಿಂದ, ರಾಬಿನ್ ಮಿಲ್ನರ್ 1978ರಲ್ಲಿ ಎಂಎಲ್ ಭಾಷೆಯ ಕಡೆಯಿಂದ ಬಂದು ಸೇರಿದ್ದು ಇದೇ ಜಾಗಕ್ಕೆ.

ಸ್ವಲ್ಪ ತಾಳಿ. ಯಾರೋ ಈ ಟ್ವೈಸ್‌ಗೆ ಸಂಖ್ಯೆಯನ್ನು ಸ್ಟ್ರಿಂಗ್ ಮಾಡುವ ಫಂಕ್ಷನ್ ಕೊಟ್ಟರು. ಆಲ್ಫಾ ಏಕಕಾಲಕ್ಕೆ ಸಂಖ್ಯೆಯೂ ಸ್ಟ್ರಿಂಗೂ ಆಗಬೇಕು, ಆಗದು. ಕಂಪೈಲರ್ ನಿಂತುಬಿಡುತ್ತದೆ, ಡಿಕ್ಕಿಯಾದ ಜಾಗಕ್ಕೆ ಬೆರಳು ತೋರಿಸುತ್ತದೆ. ಇಲ್ಲಿ ಕಣ್ಣೆದುರೇ ಇದೆ, ಸರಿ. ದೊಡ್ಡ ಪ್ರೋಗ್ರಾಮಿನಲ್ಲಿ ತಪ್ಪು ಒಂದು ಕಡೆ, ಡಿಕ್ಕಿ ಇನ್ನೊಂದು ಕಡೆ. ಆ ತಲೆನೋವು ಪಟ್ಟವರಿಗೇ ಗೊತ್ತು.

ಈಗ ರಸ್ಟ್‌ನೊಳಕ್ಕೆ ಬನ್ನಿ. ಫಂಕ್ಷನ್ ಏನು ತೆಗೆದುಕೊಳ್ಳುತ್ತದೆ, ಏನು ಕೊಡುತ್ತದೆ ಎಂದು ಮೊದಲೇ ಬರೆದಿರಬೇಕು. ಇಲ್ಲದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಒಳಗೆ ಮಾತ್ರ ಧಾರಾಳ. ಒಂದು ಖಾಲಿ ವೆಕ್ಟರ್ ಬಂತು. ಏನು ತುಂಬುತ್ತಾರೋ ತಿಳಿಯದು, ಕಂಪೈಲರ್ ಕಾಯುತ್ತದೆ. ಕೆಳಗಿನ ಸಾಲಿನಲ್ಲಿ ‘ಕ’ ಅಕ್ಷರ ಒಳಗೆ ಬೀಳುತ್ತಿದ್ದಂತೆ ಅಕ್ಷರಗಳ ವೆಕ್ಟರ್ ಎಂದು ತೀರ್ಮಾನ. ಕೊನೆಯವರೆಗೂ ಸುಳಿವೇ ಸಿಗದಿದ್ದರೆ, ಟೈಪ್ ನೀವೇ ಬರೆಯಿರಿ ಎನ್ನುತ್ತದೆ.

ಅದೇ ಖಾಲಿ ಪಟ್ಟಿಯನ್ನು, ಒಳಗೇನಿರಬೇಕೆಂದು ಹೇಳದೆ, ಜಾವಾದ ವಾರ್‌ಗೆ ಕೊಟ್ಟು ನೋಡಿ. 2018ರಲ್ಲಿ ಜಾವಾ 10ರೊಂದಿಗೆ ಬಂದ ಈ ವಾರ್ ಕಾಯುವ ಜಾಯಮಾನದ್ದಲ್ಲ. ಆ ಸಾಲಿನಲ್ಲೇ ಆಬ್ಜೆಕ್ಟ್‌ಗಳ ಪಟ್ಟಿ ಎಂದು ಬರೆದು ಮುಗಿಸುತ್ತದೆ. ಆಮೇಲೆ ‘ಕ’ ಹಾಕಿದರೂ ಅದು ಬದಲಾಗದು. ಹೊರತೆಗೆದು ಅಕ್ಷರದ ವೇರಿಯಬಲ್‌ಗೆ ಇಡಲು ಹೋದರೆ ದೋಷ. ಸೋಮಾರಿತನ ಅನ್ನಬೇಡಿ. ಒಂದು ಟೈಪ್ ಇನ್ನೊಂದರ ಉಪಟೈಪ್ ಆಗಬಹುದಾದ ಭಾಷೆಯಲ್ಲಿ ಚೀಟಿಗಳನ್ನು ಸಮ ಎಂದು ಕೂಡಿಸಿದರೆ ಸಾಲದು, ಯಾವುದರ ಕೆಳಗೆ ಯಾವುದು ಎಂಬ ಲೆಕ್ಕವೂ ಬೆಳೆಯುತ್ತದೆ.

ಹತ್ತಾರು ಜನ ಓದುವ ಕೋಡಿಗೆ ನನ್ನ ಮತ ರಸ್ಟ್‌ನ ದಾರಿಗೆ. ಬಹುತೇಕ ಎಲ್ಲವನ್ನೂ ತಾನೇ ಊಹಿಸಬಲ್ಲ ಹ್ಯಾಸ್ಕೆಲ್‌ನ ಮಂದಿಯೂ ಮೇಲ್ಮಟ್ಟದ ಫಂಕ್ಷನ್‌ಗಳಿಗೆ ಟೈಪ್ ಬರೆಯುವ ರೂಢಿ ಇಟ್ಟುಕೊಂಡಿದ್ದಾರೆ. ಬರೆಯದಿದ್ದರೆ, ಎಚ್ಚರಿಕೆಗಳನ್ನು ಆನ್ ಮಾಡಿದ ಜಿಎಚ್‌ಸಿ ಕಂಪೈಲರ್ ಗೊಣಗುತ್ತದೆ.