ಟೋಸ್ಟೆಡ್ ರವಿಯೋಲಿ, ಅಮ್ಮನ ತಟ್ಟೆಗೂ

ಹೆಸರು ಟೋಸ್ಟೆಡ್ ರವಿಯೋಲಿ. ಆದ್ರೆ ಟೋಸ್ಟ್ ಮಾಡಿದ್ದಲ್ಲ ನೋಡಿ, ಬ್ರೆಡ್ ಪುಡಿ ಮೆತ್ತಿ ಎಣ್ಣೆಯಲ್ಲಿ ಕರಿದಿದ್ದು! ನಾನಿರೋ ಸೇಂಟ್ ಲೂಯಿಸ್‌ನ ಇಟಾಲಿಯನ್ ಹೋಟೆಲುಗಳಲ್ಲಿ ಊಟಕ್ಕೆ ಮುಂಚೆ ತರಿಸೋದು ಇದನ್ನೇ. ಇಲ್ಲಿ ‘ದಿ ಹಿಲ್’ ಅಂತ ಇಟಾಲಿಯನ್ನರ ಹಳೇ ಬಡಾವಣೆ ಇದೆ. 1940ರ ದಶಕದಲ್ಲಿ ಅಲ್ಲಿನ ಅಡುಗೆಯವನೊಬ್ಬ ರವಿಯೋಲಿಯನ್ನ ಕುದಿಯೋ ನೀರಿನ ಬದಲು ಕಾದ ಎಣ್ಣೆಗೆ ಹಾಕಿಬಿಟ್ಟ ಅಂತ ಕಥೆ. ಅದು ನಮ್ಮ ಅಡುಗೆಮನೆಯಲ್ಲೇ ಆಗಿದ್ದು ಅಂತ ಒಂದಕ್ಕಿಂತ ಹೆಚ್ಚು ಹೋಟೆಲಿನವರು ಹೇಳ್ಕೋತಾರೆ!

ಆರು ತಿಂಗಳಿಗೆ ಅಂತ ಅಮ್ಮ ಬಂದಿದ್ದಾರೆ. ಕಮಾನು ನೋಡಿದ್ರು, ಮಿಸಿಸಿಪ್ಪಿ ನದಿ ನೋಡಿದ್ರು. ಆದ್ರೆ ಈ ಊರಿನ ತಿಂಡಿ ಒಂದೂ ಅವರ ಬಾಯಿಗೆ ಹೋಗಿರಲಿಲ್ಲ. ಸಾಮಾನ್ಯವಾಗಿ ರವಿಯೋಲಿ ಒಳಗೆ ಮಾಂಸದ ಹೂರಣ, ಹಿಟ್ಟಿಗೆ ಮೊಟ್ಟೆ. ಮೇಲೆ ಉದುರಿಸೋ ಅಸಲಿ ಪಾರ್ಮೆಸಾನ್ ಚೀಸ್‌ಗೂ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರ್ತಾರೆ. ‘ನೀವು ತಿನ್ನಿ, ನಂಗೆ ಹಸಿವಿಲ್ಲ’ ಅಂತ ನೀರು ಕುಡಿದು ಕೂತಿರ್ತಾರಲ್ಲ, ನಿಮ್ಮ ಅಮ್ಮನೂ ಹಾಗೇನಾ?

ಹಾಗಾಗಿ ಮನೇಲೇ ಮಾಡಿದ್ವಿ. ನೀವೂ ಬರ್ಕೊಳ್ಳಿ.

ಕಣಕಕ್ಕೆ 1 ಕಪ್ ಮೈದಾ, ಅರ್ಧ ಕಪ್ ಚಿರೋಟಿ ರವೆ, ಉಪ್ಪು, ಬೆಚ್ಚಗಿನ ನೀರು. ದಕ್ಷಿಣ ಇಟಲಿಯಲ್ಲೂ ಮೊಟ್ಟೆ ಇಲ್ಲದೆ ಬರೀ ರವೆ, ನೀರಲ್ಲೇ ಪಾಸ್ತಾ ಮಾಡೋ ರೂಢಿ ಇದೆ. ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಮುಚ್ಚಿಡಿ. ಹೂರಣಕ್ಕೆ ಪುಡಿ ಮಾಡಿದ ಪನೀರ್, ಬೇಯಿಸಿ ಚೆನ್ನಾಗಿ ಹಿಂಡಿದ ಪಾಲಕ್, ಮೆಣಸಿನ ಪುಡಿ, ಉಪ್ಪು. ನೀರಿನಂಶ ಉಳಿದ್ರೆ ಅದೇ ಆವಿಯಾಗಿ ರವಿಯೋಲಿ ಎಣ್ಣೆಯಲ್ಲಿ ಒಡೆಯುತ್ತೆ, ಹುಷಾರು.

ತೆಳ್ಳಗೆ ಲಟ್ಟಿಸಿ, ಎರಡು ಇಂಚಿನ ಚೌಕ ಕತ್ತರಿಸಿ. ಒಂದರ ಮೇಲೆ ಹೂರಣ ಇಟ್ಟು, ಅಂಚಿಗೆ ನೀರು ಸವರಿ, ಇನ್ನೊಂದನ್ನ ಮುಚ್ಚಿ. ಒಳಗೆ ಗಾಳಿ ಉಳಿಯದ ಹಾಗೆ ಒತ್ತಿ. ಕುದಿಯೋ ಉಪ್ಪುನೀರಲ್ಲಿ 2–3 ನಿಮಿಷ ಬೇಯಿಸಿ, ಬಟ್ಟೆ ಮೇಲೆ ಹರಡಿ ಪೂರ್ತಿ ಆರಿಸಿ. ಮೈದಾ, ಕಾರ್ನ್‌ಫ್ಲೋರ್ ಕಲಸಿದ ತೆಳು ಹಿಟ್ಟಲ್ಲಿ ಅದ್ದಿ, ಓರೆಗಾನೋ ಬೆರೆಸಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿ. ಎಣ್ಣೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ಇರಲಿ. ಒಂದ್ಸಲಕ್ಕೆ ನಾಲ್ಕೈದೇ ಹಾಕಿ. ಜಾಸ್ತಿ ಹಾಕಿದ್ರೆ ಎಣ್ಣೆ ತಣ್ಣಗಾಗಿ, ಎಣ್ಣೆ ಕುಡಿದು ಮೆತ್ತಗಾಗ್ತವೆ. ಹೊಂಬಣ್ಣ ಬಂದ ಕೂಡಲೇ ತೆಗೀರಿ. ಟೊಮೆಟೊ, ಬೆಳ್ಳುಳ್ಳಿಯ ಬಿಸಿ ಮರಿನಾರಾ ಜೊತೆಗಿರಲಿ. ಚೀಸ್ ಬೇಕಂದ್ರೆ ಪ್ಯಾಕೆಟ್ ಮೇಲೆ ಸಸ್ಯಾಹಾರಿ ರೆನೆಟ್ ಅಂತ ಇದೆಯಾ ನೋಡಿ.

ಅಮ್ಮ ಕಣಕ ಮುಟ್ಟಿ ನೋಡಿ ‘ಇದು ಕರ್ಜಿಕಾಯಿ ಕಣಕ ಅಲ್ವೇನೇ?’ ಅಂದ್ರು. ಆಮೇಲೆ ಲಟ್ಟಣಿಗೆ ನನ್ನ ಕೈಗೆ ಸಿಗಲೇ ಇಲ್ಲ. ಅಂಚನ್ನ ಅವರು ಫೋರ್ಕಲ್ಲಿ ಒತ್ತಲಿಲ್ಲ, ಕರ್ಜಿಕಾಯಿಗೆ ಮಡಚೋ ಹಾಗೆ ಸಣ್ಣ ಸಣ್ಣ ನೆರಿಗೆ ಹಿಡಿದ್ರು. ಒಂದೂ ಒಡೆಯಲಿಲ್ಲ.

ನಾಲ್ಕು ತಿಂದು ‘ನಿಮ್ಮೂರಿನ ತಿಂಡಿ ಚೆನ್ನಾಗಿದೆ ಕಣೇ’ ಅಂದ್ರು. ಅಲ್ಲೀವರೆಗೂ ಅವರ ಬಾಯಲ್ಲಿ ಇದು ‘ಆ ಊರು’. ಹೂರಣ ಬದಲಾದ್ರೆ ಅಸಲಿ ಹೇಗಾಗುತ್ತೆ ಅಂತ ಇಲ್ಲಿನವರು ಕೇಳಬಹುದು. ಕೇಳಲಿ ಬಿಡಿ. ಊರಿಂದ ಬಂದವರು ನಿಮ್ಮ ಮನೇಲೂ ‘ಹಸಿವಿಲ್ಲ’ ಅಂತ ಕೂತಿದ್ರೆ, ಈ ಶನಿವಾರ ಅವರ ಕೈಗೆ ಲಟ್ಟಣಿಗೆ ಕೊಟ್ಟು ನೋಡಿ.